ಜೇನಿಗೆ ಅಯಸ್ಕಾಂತ ಗೊತ್ತಾಗುತ್ತಾ? ಹೀಗೆ ಪರೀಕ್ಷಿಸಿ

ಸಕ್ಕರೆ ಪಾಕದ ತಟ್ಟೆಯ ಕೆಳಗೆ ಅಯಸ್ಕಾಂತ ಇಟ್ಟು, ಜೇನು ಬಂದು ಕೂತ ಕೂಡಲೇ ‘ಗೊತ್ತಾಯ್ತು’ ಎಂದು ಕುಣಿದವರನ್ನು ಎಷ್ಟೋ ಸಲ ನೋಡಿದ್ದೇನೆ. ಜೇನು ಬಂದದ್ದು ಸಕ್ಕರೆಗೆ, ಅಲ್ವಾ?

ಹಾಗಂತ ವಿಷಯ ಸುಳ್ಳಲ್ಲ. ಜೇನುನೊಣದ ಹೊಟ್ಟೆಭಾಗದಲ್ಲಿ ಅಯಸ್ಕಾಂತದ ಗುಣವಿದೆ ಎಂದು 1978ರಲ್ಲೇ ವಿಜ್ಞಾನಿಗಳು ತೋರಿಸಿದರು. ಭೂಮಿಯ ಕಾಂತಕ್ಷೇತ್ರ 25ರಿಂದ 65 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ನಿಯೋಡಿಮಿಯಮ್ ಎಂಬ ಲೋಹ ಬೆರೆಸಿದ ಪುಟ್ಟ, ಬಲವಾದ ಅಯಸ್ಕಾಂತದ ಮೈಮೇಲೆ ಅದರ ಸಾವಿರಾರು ಪಟ್ಟು.

ಒಂದು ಪಾಲು ಸಕ್ಕರೆ, ಒಂದು ಪಾಲು ನೀರು ಸೇರಿಸಿ ಪಾಕ ಮಾಡಿ. ಜೇನುತುಪ್ಪ ಬೇಡವೇ ಬೇಡ. ಅದರಿಂದ ಗೂಡಿಗೆ ರೋಗ ಹರಡಬಹುದು.

ಒಂದೇ ಥರದ ಎರಡು ಮುಚ್ಚಿದ ರಟ್ಟಿನ ಡಬ್ಬಿ ತೆಗೆದುಕೊಳ್ಳಿ. ಒಂದರಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಅಷ್ಟೇ ಗಾತ್ರದ ಹಿತ್ತಾಳೆ ತುಂಡು. ಕಬ್ಬಿಣದ ತುಂಡು ಇಡಬೇಡಿ, ಅದೂ ಕ್ಷೇತ್ರವನ್ನು ಕೆಡಿಸುತ್ತದೆ. ಮೇಜು ಮರದ್ದೇ ಆಗಲಿ. ಫ್ರಿಜ್‌ಗೆ ಅಂಟಿಸುವ ತೆಳು ಹಾಳೆ ಅಯಸ್ಕಾಂತ ಪ್ರಯೋಜನವಿಲ್ಲ. ಅದರ ಬಲ ಕೆಲವು ಮಿಲಿಮೀಟರ್‌ನಲ್ಲೇ ಮುಗಿಯುತ್ತದೆ. ಡಬ್ಬಿಗಳ ನಡುವೆ ಒಂದು ಮೀಟರ್ ಅಂತರವಿರಲಿ. ಮೇಲೆ ದಿಕ್ಸೂಚಿ ಹಿಡಿದು ನೋಡಿ: ಒಂದು ಕಡೆ ಮುಳ್ಳು ತಿರುಗಬೇಕು, ಇನ್ನೊಂದು ಕಡೆ ಅಲುಗಬಾರದು.

ಅಯಸ್ಕಾಂತದ ಡಬ್ಬಿಯ ಮೇಲಿನ ತಟ್ಟೆಗೆ ಪಾಕ, ಇನ್ನೊಂದಕ್ಕೆ ಬರಿ ನೀರು ಹಾಕಿ ಜೇನಿಗೆ ರೂಢಿ ಮಾಡಿಸಿ.

ಎಡವುವುದು ಇಲ್ಲೇ. ಜೇನು ಜಾಗವನ್ನು ಬಹಳ ಬೇಗ ಕಲಿಯುತ್ತದೆ. ಪಾಕ ಯಾವಾಗಲೂ ಎಡಗಡೆ ಇದ್ದರೆ ಅದು ಕಲಿಯುವುದು ‘ಎಡ’ವನ್ನೇ ಹೊರತು ಅಯಸ್ಕಾಂತವನ್ನಲ್ಲ. ಆದ್ದರಿಂದ ಆಗಾಗ ಡಬ್ಬಿ, ತಟ್ಟೆ ಎರಡನ್ನೂ ಅದಲುಬದಲು ಮಾಡಿ. ಸರದಿ ಪ್ರಕಾರ ಬೇಡ, ನಾಣ್ಯ ಚಿಮ್ಮಿ ನಿರ್ಧರಿಸಿ. ಜೊತೆಗೆ, ಕೂತ ಜಾಗದಲ್ಲಿ ಜೇನು ತನ್ನ ವಾಸನೆ ಬಿಟ್ಟು ಹೋಗುತ್ತದೆ. ಹಾಗಾಗಿ ಪ್ರತಿ ಸಲವೂ ತೊಳೆದ ಬೇರೆ ತಟ್ಟೆಯನ್ನೇ ಇಡಿ. ಸುಮ್ನೆ ಬಟ್ಟೆಯಲ್ಲಿ ಒರೆಸಿದರೆ ಸಾಲದು.

ಪರೀಕ್ಷೆಯ ಹೊತ್ತಿಗೆ ಎರಡೂ ತಟ್ಟೆಯಲ್ಲಿ ಬರಿ ನೀರೇ ಇರಬೇಕು. ಡಬ್ಬಿ ಇಟ್ಟವರು ದೂರ ಹೋಗಲಿ. ಅಯಸ್ಕಾಂತ ಎಲ್ಲಿದೆ ಎಂದು ತಿಳಿಯದ ಇನ್ನೊಬ್ಬರು, ಯಾವ ತಟ್ಟೆಗೆ ಎಷ್ಟು ಜೇನು ಬಂತೆಂದು ಐದು ನಿಮಿಷ ಎಣಿಸಲಿ. ಗೊತ್ತಿದ್ದವರ ಕಣ್ಣಿಗೆ ಬೇಕಾದ ಕಡೆಯೇ ಜಾಸ್ತಿ ಜೇನು ಕಾಣುತ್ತದೆ.

ಎಣಿಕೆ ಸಮ ಬಂದರೆ ಹಾಗೆಯೇ ಬರೆದಿಡಿ. ಒಂದೇ ಸುತ್ತಿಗೆ ನಿಲ್ಲಿಸಬೇಡಿ. ನಡುನಡುವೆ ಪಾಕ ಕೊಡುತ್ತಿರಿ, ಬರಿ ನೀರೇ ಸಿಗುತ್ತಿದ್ದರೆ ಜೇನು ಬರುವುದನ್ನೇ ಬಿಡುತ್ತದೆ.