ಸೈಕಲ್ ಓಡುವ ಮೂರು ನಿಮಿಷ

ನಾನು ಐಟಿಐನಲ್ಲಿ ಟರ್ನರ್, ಅಂದರೆ ಲೇತ್ ಕೆಲಸ, ಕಲಿತವನು. ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಸಿಎನ್‌ಸಿ ಲೇತ್ (ಬರೆದಿಟ್ಟ ಪ್ರೋಗ್ರಾಮ್ ಪ್ರಕಾರ ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ಮಷಿನ್) ಆಪರೇಟರ್ ಆಗಿ ಸೇರಿದೆ. ಆಮೇಲೆ ಸೆಟ್ಟರ್ ಆದೆ, ಅಂದರೆ ಹೊಸ ಕೆಲಸಕ್ಕೆ ಮಷಿನ್ ಸಜ್ಜು ಮಾಡುವವನು. ಈಗ ಪ್ರೋಗ್ರಾಮ್ ಬರೆಯುತ್ತೇನೆ. ಹೇಗಾಯ್ತು ಅಂತ ಊರಿನ ಹುಡುಗರು ಕೇಳುತ್ತಿರುತ್ತಾರೆ.

ಆಪರೇಟರ್ ಕೆಲಸ ಅಂದರೆ ಇಷ್ಟು: ಚಕ್‌ಗೆ (ಹಿಡಿದು ತಿರುಗಿಸುವ ಭಾಗ) ಜಾಬ್ (ಕತ್ತರಿಸಬೇಕಾದ ತುಂಡು) ಹಾಕು, ಬಾಗಿಲು ಮುಚ್ಚು, ಸೈಕಲ್ ಸ್ಟಾರ್ಟ್ ಒತ್ತು. ಮುಗಿದ ಮೇಲೆ ತೆಗೆ, ಅಳತೆ ನೋಡು, ಇನ್ನೊಂದು ಹಾಕು. ಕಷ್ಟ ಅಂತ ಯಾರೂ ಬೇಸರ ಪಡುವುದಿಲ್ಲ. ನಾಳೆಯೂ ಇದೇ ಅನ್ನುವುದಕ್ಕೆ ಬೇಸರ. ನನ್ನ ಜೊತೆ ಸೇರಿದವರಲ್ಲಿ ಕೆಲವರು ಡೆಲಿವರಿ ಕೆಲಸಕ್ಕೆ ಹೋದರು. ಅವರದು ತಪ್ಪು ಅನ್ನಲ್ಲ. ಆಗ ಅಲ್ಲೇ ಕೈಗೆ ಜಾಸ್ತಿ ಸಿಗುತ್ತಿತ್ತು.

ರೂಮಿಗೆ ಹೋಗಿ ಓದಿಕೊಳ್ಳುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಓಟಿ (ಓವರ್‌ಟೈಮ್) ಮಾಡಿ, ನಿಂತು ನಿಂತು ಕಾಲು ಸೋತ ಮೇಲೆ ಯಾರು ಓದುತ್ತಾರೆ ಹೇಳಿ? ಹಾಗಾಗಿ ಕಲಿಯುವುದನ್ನೆಲ್ಲ ಮಷಿನ್ ಮುಂದೆಯೇ ಇಟ್ಟುಕೊಂಡೆ. ಜಾಬ್‌ನ ಸೈಕಲ್ ಟೈಮ್, ಅಂದರೆ ಒಂದು ತುಂಡು ಮುಗಿಯುವ ಹೊತ್ತು, ಮೂರು ನಿಮಿಷ ಅಂದುಕೊಳ್ಳಿ. ಹಿಂದಿನ ಜಾಬ್ ಅಳೆದಿಟ್ಟ ಮೇಲೂ ಒಂದಿಷ್ಟು ಹೊತ್ತು ಉಳಿಯುತ್ತದೆ. ಹೆಚ್ಚಿನವರು ಆಗ ಮೊಬೈಲ್ ತೆಗೆಯುತ್ತಾರೆ. ನಾನು ಮಷಿನ್ ಸ್ಕ್ರೀನ್ ನೋಡುತ್ತಿದ್ದೆ. ಯಾವ ಸಾಲು ಬಂದಾಗ ಟೂಲ್ ಏನು ಮಾಡುತ್ತದೆ, ಅಷ್ಟೇ.

ಪ್ರೋಗ್ರಾಮ್‌ನಲ್ಲಿ ಮಷಿನ್‌ಗೆ ಕೊಡುವ ಆದೇಶಗಳು ಜಿ ಕೋಡ್‌ಗಳು. ಜಿ 00 ಬಂದರೆ ಟೂಲ್ ಏನನ್ನೂ ಕತ್ತರಿಸದೆ ಜೋರಾಗಿ ಓಡುತ್ತದೆ (ಇದೇ ರ‍್ಯಾಪಿಡ್), ಜಿ 01 ಬಂದರೆ ಕೊಟ್ಟ ಫೀಡ್‌ನಲ್ಲಿ, ಅಂದರೆ ನಿಗದಿ ಮಾಡಿದ ನಿಧಾನ ವೇಗದಲ್ಲಿ, ಕತ್ತರಿಸುತ್ತದೆ. ಇದು ಬೇಗ ಗೊತ್ತಾಯಿತು. ತಲೆ ತಿಂದದ್ದು ಜಿ 96. ಫೇಸಿಂಗ್ (ಜಾಬ್‌ನ ಮುಖ ಸಮ ಮಾಡುವುದು) ಮಾಡುವಾಗ ಟೂಲ್ ನಡುವಿಗೆ ಹೋದಷ್ಟೂ ಸ್ಪಿಂಡಲ್ (ಚಕ್ ತಿರುಗಿಸುವ ದಂಡ) ಸದ್ದು ಏರುತ್ತಿತ್ತು. ಯಾಕಣ್ಣ ಅಂತ ಟೀ ಹೊತ್ತಿಗೆ ಸೆಟ್ಟರ್‌ನ ಕೇಳಿದೆ. "ಐಟಿಐನಲ್ಲಿ ಕಟಿಂಗ್ ಸ್ಪೀಡ್ ಲೆಕ್ಕ ಮಾಡಿಲ್ವೇನೋ?" ಅಂದ. ಮಾಡಿದ್ದೆ, ಪರೀಕ್ಷೆಗೆ! ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ, ಬಂದದ್ದನ್ನು ವ್ಯಾಸದ 3.14ರಷ್ಟರಿಂದ ಭಾಗಿಸಿದರೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು. ಸ್ಪೀಡ್ ನಿಮಿಷಕ್ಕೆ 200 ಮೀಟರ್ ಇದ್ದರೆ 50 ಎಂಎಂ ವ್ಯಾಸಕ್ಕೆ ಸುಮಾರು 1270 ಆರ್‌ಪಿಎಂ, 25 ಎಂಎಂಗೆ ಅದರ ಎರಡರಷ್ಟು. ಜಿ 96 ಕಟಿಂಗ್ ಸ್ಪೀಡನ್ನು ಒಂದೇ ಸಮ ಇಡುತ್ತದೆ, ಹಾಗಾಗಿ ವ್ಯಾಸ ಇಳಿದಷ್ಟೂ ಆರ್‌ಪಿಎಂ ಏರುತ್ತದೆ. ನಡುವಿನಲ್ಲಿ ವ್ಯಾಸ ಸೊನ್ನೆ. ಲೆಕ್ಕದ ಪ್ರಕಾರ ಆರ್‌ಪಿಎಂಗೆ ಕೊನೆಯೇ ಇಲ್ಲ. ಅದಕ್ಕೇ ಮೇಲಿನ ಸಾಲಿನಲ್ಲಿ ಜಿ 50 ಎಸ್ 2000 ಅಂತ ತಡೆ ಹಾಕಿರುತ್ತಾರೆ. ದಿನಾ ಕೇಳುತ್ತಿದ್ದ ಸದ್ದಿಗೆ ಕಾರಣ ಸಿಕ್ಕಿದ ದಿನ ಶಿಫ್ಟ್ ಮುಗಿದದ್ದೇ ಗೊತ್ತಾಗಲಿಲ್ಲ. ನನಗೆ ಹುರುಪು ಬಂದದ್ದು ಇಂಥದ್ದರಿಂದ. ಮೊಬೈಲ್‌ನಲ್ಲಿ ಬರುವ ಸ್ಫೂರ್ತಿ ಭಾಷಣಗಳು ಯಶವಂತಪುರ ದಾಟುವಷ್ಟರಲ್ಲಿ ಇಳಿದುಹೋಗುತ್ತಿದ್ದವು.

ಗೊತ್ತಾದದ್ದನ್ನು ಒಂದು ಪಾಕೆಟ್ ಡೈರಿಯಲ್ಲಿ ಬರೆದೆ. ಇನ್ಸರ್ಟ್ (ಟೂಲ್ ತುದಿಗೆ ಕೂರಿಸುವ ಕತ್ತರಿಸುವ ಬಿಲ್ಲೆ) ಡಬ್ಬಿ ಮೇಲಿನ ಸಿಎನ್‌ಎಂಜಿ 120408 ಅನ್ನುವುದರಲ್ಲಿ ಕೊನೆಯ 08 ಅಂದರೆ ಮೂತಿಯ ರೇಡಿಯಸ್ 0.8 ಎಂಎಂ. ಹೊರಗಿನ ವ್ಯಾಸ 0.04 ಎಂಎಂ ದಪ್ಪ ಬಂದರೆ ವೇರ್ ಆಫ್‌ಸೆಟ್‌ನ (ಟೂಲ್ ಸವೆತಕ್ಕೆ ಕೊಡುವ ತಿದ್ದುಪಡಿ) ಎಕ್ಸ್‌ನಲ್ಲಿ ಅಷ್ಟೇ ಮೈನಸ್. ಯಾವ ಇನ್ಸರ್ಟ್ ಎಷ್ಟು ಜಾಬ್‌ಗೆ ಮೊಂಡಾಗುತ್ತದೆ ಅನ್ನುವುದನ್ನೂ ಬರೆಯುತ್ತಿದ್ದೆ. ಅದು ಸೂಪರ್‌ವೈಸರ್‌ಗೇ ಬೇಕಾಗತೊಡಗಿತು.

ಮೊದಲ ಸಲ ನನ್ನ ಮಾತು ನಡೆದದ್ದು ಸೈಕಲ್ ಟೈಮ್ ವಿಷಯದಲ್ಲಿ. ಒಂದು ಪ್ರೋಗ್ರಾಮ್‌ನಲ್ಲಿ ಟೂಲ್ ಜಾಬ್‌ನಿಂದ ತುಂಬಾ ದೂರ ನಿಂತು, ಅಲ್ಲಿಂದಲೇ ಫೀಡ್‌ನಲ್ಲಿ ತೆವಳಿಕೊಂಡು ಬರುತ್ತಿತ್ತು. "ಸ್ವಲ್ಪ ಹತ್ತಿರದವರೆಗೆ ರ‍್ಯಾಪಿಡ್‌ನಲ್ಲೇ ತಂದರೆ ಆಗಲ್ವಾ ಸಾರ್?" ಅಂತ ಸೂಪರ್‌ವೈಸರ್‌ನ ಕೇಳಿದೆ. ಸುಮ್ನೆ ಕೇಳಲಿಲ್ಲ, ಲೆಕ್ಕ ತೋರಿಸಿದೆ. ಎಂಟು ಗಂಟೆಗೆ 180 ಸೆಕೆಂಡಿನ ಜಾಬ್ 160 ಪೀಸ್ ಆಗುತ್ತದೆ, 170 ಸೆಕೆಂಡಿನದಾದರೆ 169. ಸೆಟ್ಟರ್ ಬದಲಾಯಿಸಿ, ನಿಧಾನಕ್ಕೆ ಓಡಿಸಿ ನೋಡಿದ. ಆಯಿತು. ಆಮೇಲಿಂದ ಸೆಟ್ಟಿಂಗ್ ಬದಲಾಗುವಾಗ ನನ್ನನ್ನೂ ಕರೆಯುತ್ತಿದ್ದ. ಸಾಫ್ಟ್ ಜಾ (ಜಾಬ್ ಹಿಡಿಯುವ ಮೆತ್ತನೆ ಲೋಹದ ಹಿಡಿತಗಳು) ಬೋರ್ ಮಾಡುವುದು, ಟೂಲ್ ಟಚ್ ಮಾಡುವುದು (ಟೂಲ್ ತುದಿ ಎಲ್ಲಿದೆ ಅಂತ ಮಷಿನ್‌ಗೆ ತಿಳಿಸುವುದು) ಅವನ ಪಕ್ಕ ನಿಂತೇ ಕಲಿತೆ.

ಆರ್ಡರ್ ಕಡಿಮೆಯಾಗಿ ಓಟಿ ನಿಂತ ತಿಂಗಳುಗಳು ಇದ್ದವು. ಆಗ ಹುರುಪಿನ ಮಾತೇ ಬೇಡ, ಬಾಡಿಗೆ ಕಟ್ಟುವುದೇ ಯೋಚನೆ. ಖರ್ಚು ಹಿಡಿದು ದಾಟಿದೆ.

ಕೋರ್ಸ್ ಮಾಡಬೇಕಾ ಅಂತ ಕೇಳುತ್ತಾರೆ. ಎರಡು ವರ್ಷದ ಐಟಿಐ ಮುಗಿಸಿದವರು ನೇರ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ಮನೆ ಕಡೆ ತಡೆದುಕೊಳ್ಳುವಂತಿದ್ದರೆ ಅದು ಒಳ್ಳೆಯದೇ. ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು, ಟೂಲ್ ರೂಮ್ ಕೆಲಸಕ್ಕೆ, ಅಂದರೆ ಅಚ್ಚು, ಟೂಲ್ ಮಾಡುವುದಕ್ಕೆ, ಹೆಸರುವಾಸಿ. ಅಂಥ ಕಡೆ ಸಣ್ಣ ಸಿಎನ್‌ಸಿ ಕೋರ್ಸ್‌ಗಳೂ ಸಿಗುತ್ತವೆ. ಆದರೆ ಮಷಿನ್ ಮುಟ್ಟಿದ ಮೇಲೆ ಹೋದರೆ ಲಾಭ ಜಾಸ್ತಿ. ಏನು ಕೇಳಬೇಕು ಅಂತ ಗೊತ್ತಿರುತ್ತದೆ.

ಪ್ರೋಗ್ರಾಮಿಂಗ್‌ಗೆ ಮೊಬೈಲ್ ಸಿಮ್ಯುಲೇಟರ್ ಸಾಕಾಯಿತು. ಕಂಪನಿ ಡ್ರಾಯಿಂಗ್ ಹೊರಗೆ ತರಬಾರದು, ಅದರಲ್ಲಿ ಎರಡು ಮಾತಿಲ್ಲ. ನಾನೇ ಒಂದು ಸ್ಟೆಪ್ ಶಾಫ್ಟ್ (ಮೆಟ್ಟಿಲು ಮೆಟ್ಟಿಲಾಗಿ ವ್ಯಾಸ ಬದಲಾಗುವ ದಂಡ) ಬರೆದುಕೊಂಡು ಜಿ 71ರಲ್ಲಿ ರಫಿಂಗ್ (ಒರಟು ಕತ್ತರಿಕೆ), ಜಿ 70ರಲ್ಲಿ ಫಿನಿಶಿಂಗ್, ಜಿ 76ರಲ್ಲಿ ಥ್ರೆಡ್ ಹಾಕಿ ಓಡಿಸಿದೆ. ಈಗಿನ ಕಂಪನಿಯ ಇಂಟರ್ವ್ಯೂನಲ್ಲಿ ಕೈಗೆ ಡ್ರಾಯಿಂಗ್ ಕೊಟ್ಟು, ಪ್ರೋಗ್ರಾಮ್ ಬರಿ ಅಂದರು. ಇಂಗ್ಲಿಷ್ ಕೇಳಲೇ ಇಲ್ಲ.

ಸಂಬಳದ ಬಗ್ಗೆ ಒಂದು ಮಾತು. ವರ್ಷದ ಕೊನೆವರೆಗೆ ಕಾಯಬೇಡಿ. ಹೊಸ ಜಾಬ್‌ನ ಸೆಟ್ಟಿಂಗ್ ನೀವೊಬ್ಬರೇ ಮಾಡಿ, ಫಸ್ಟ್ ಪೀಸ್ ಪಾಸ್ ಆದ ವಾರದಲ್ಲೇ ಹೋಗಿ ಕೇಳಿ. ಆಗ ಇಲ್ಲ ಅನ್ನುವುದು ಅವರಿಗೂ ಸ್ವಲ್ಪ ಕಷ್ಟ.