ಎಚ್4ಕ್ಕೆ ಎಚ್5: ಕಾರೋ-ಕಾನ್ ಆಡಿದ ಒಂದು ಪಂದ್ಯ

ಚೆಸ್‌ನಲ್ಲಿ ಎದುರಾಳಿ ಇ4 (ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ) ನಡೆಸಿದರೆ ಕಪ್ಪು ಕಾಯಿಗಳಲ್ಲಿ ನಾನು ಆಡುವುದು ಸಿ6 ಎಂದು ಉತ್ತರಿಸುವ ಕಾರೋ-ಕಾನ್. 1886ರಲ್ಲಿ ಹೊರೇಷಿಯೊ ಕಾರೋ ಮತ್ತು ಮಾರ್ಕಸ್ ಕಾನ್ ವಿಶ್ಲೇಷಿಸಿದ ಈ ಆರಂಭ ನೀರಸವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಮಂಗಳೂರಿನಲ್ಲಿ ನಡೆದ ರೇಟೆಡ್ ಟೂರ್ನಿಯೊಂದರ ಪಂದ್ಯವೇ ಅದಕ್ಕೆ ಸಾಕ್ಷಿ.

(ಮೊದಲು ಬಿಳಿಯ ನಡೆ, ನಂತರ ನನ್ನದು) ಇ4 ಸಿ6, ಡಿ4 ಡಿ5, ಇ5 ಬಿಷಪ್ ಎಫ್5 ಆದ ಮೇಲೆ ಎದುರಾಳಿ ಎಚ್4 ನಡೆಸಿದರು. 1961ರ ವಿಶ್ವ ಚಾಂಪಿಯನ್ ಮರುಪಂದ್ಯದಲ್ಲಿ ಬೊಟ್ವಿನ್ನಿಕ್ ಎದುರು ತಾಲ್ ಬಳಸಿದ ನಡೆಯಿದು. ಇಲ್ಲಿ ಅಭ್ಯಾಸಬಲದಿಂದ ಇ6 ಆಡಿದರೆ ಜಿ4, ಬಿಷಪ್ ಇ4, ಎಫ್3, ಬಿಷಪ್ ಜಿ6, ಎಚ್5 ಎಂದು ಬಿಷಪ್ಪೇ ಸಿಕ್ಕಿಬೀಳುತ್ತದೆ. ನಾನು ಎಚ್5 ಆಡಿದೆ. ಈ ಕಾಲಾಳು ಬಿಳಿಯರ ಜಿ4 ನಡೆಯನ್ನು ತಡೆಹಿಡಿಯುವುದರಿಂದ ಮುಂದೆ ಎಫ್5ರಲ್ಲಿ ಕೂರುವ ಕುದುರೆಯನ್ನು ಎಬ್ಬಿಸುವುದು ಬಿಳಿಯರಿಗೆ ಸುಲಭವಲ್ಲ. ದಾಳಿಗೆಂದು ಹೊರಟ ಎಚ್4 ಕಾಲಾಳಿಗೇ ಆ ಕುದುರೆಯ ಕಾಟ.

ಬಿಳಿಯ ಬಿಷಪ್ ಡಿ3ಕ್ಕೆ ಬಂದಾಗ ವಿನಿಮಯ ಮಾಡಿಕೊಂಡು, ಕ್ವೀನ್ ಎ5 ಚೆಕ್, ಸಿ3, ಕ್ವೀನ್ ಎ6 ಎಂದು ಕ್ವೀನ್‌ಗಳನ್ನೂ ಹೊಡೆಸಿದೆ. ಬೋರ್ಡಿನಲ್ಲಿ ಉಳಿದ ಬಿಳಿಯ ಬಿಷಪ್ ಕಪ್ಪು ಮನೆಗಳದ್ದು. ಬಿಳಿಯರ ಸಿ3, ಡಿ4, ಇ5, ಎಚ್4 ಕಾಲಾಳುಗಳೆಲ್ಲವೂ ಕಪ್ಪು ಮನೆಗಳಲ್ಲೇ ನಿಂತು ಅದರ ದಾರಿಗೆ ಅಡ್ಡವಾಗಿದ್ದವು. ಎದುರಾಳಿ ದೀರ್ಘವಾಗಿ ಯೋಚಿಸತೊಡಗಿದರು. ಫ್ಯಾನಿನ ಗಾಳಿಗೆ ನಡೆಗಳನ್ನು ಬರೆದುಕೊಳ್ಳುವ ಸ್ಕೋರ್‌ಶೀಟ್ ಹಾರದಂತೆ ಹೊಡೆದ ಕಾಯಿಗಳನ್ನೇ ಅದರ ಮೇಲಿಟ್ಟು ನಾನು ಕಾಯುತ್ತಿದ್ದೆ.

ಒಂದು ಕುದುರೆ ಇ7 ಮೂಲಕ ಎಫ್5 ಸೇರಿತು. ಸಿ5 ನೂಕಿ ಡಿ4ರಲ್ಲಿ ಕಾಲಾಳುಗಳನ್ನು ವಿನಿಮಯ ಮಾಡಿಕೊಂಡ ಮೇಲೆ, ಸಿ3ರ ಕಾವಲು ಹೋದ ಕಾರಣ ಎ6ರ ಇನ್ನೊಂದು ಕುದುರೆಗೆ ಬಿ4 ಮನೆ ದೊರೆಯಿತು. ಅಲ್ಲಿಂದ ಅದು ಸಿ2, ಡಿ3 ಎರಡರ ಮೇಲೂ ಕಣ್ಣಿಟ್ಟಿತು. ಎರಡನ್ನೂ ಕಾಯಬಲ್ಲ ಡಿ2 ಮನೆಯಲ್ಲಿ ಬಿಳಿಯ ಕುದುರೆಯೇ ಕುಳಿತಿದ್ದರಿಂದ ರಾಜನಿಗೆ ಅಲ್ಲಿ ಜಾಗವಿರಲಿಲ್ಲ. ಡಿ1ಕ್ಕೆ ಹೋದರೆ ನನ್ನ ಕುದುರೆ ಡಿ3ಕ್ಕೆ ಹಾರಿ ಬಿ2, ಎಫ್2 ಎರಡನ್ನೂ ಹೊಡೆಯುತ್ತಿತ್ತು. ಅವರು ಇ2ಕ್ಕೆ ಹೋದರು. ಕುದುರೆ ಸಿ2ಕ್ಕಿಳಿಯಿತು, ರೂಕ್ ಸರಿಯಬೇಕಾಯಿತು, ಎರಡು ಕುದುರೆಗಳ ಹೊಡೆತಕ್ಕೆ ಡಿ4 ಕಾಲಾಳು ಉರುಳಿತು. ಮುಂದಿನ ರೂಕ್ ಅಂತ್ಯದಾಟ ಉದ್ದವಾಗಿತ್ತಾದರೂ ವಿಶೇಷವೇನೂ ಇರಲಿಲ್ಲ. ಎರಡನೆಯ ಕಾಲಾಳೂ ಹೋದಾಗ ಅವರು ಗಡಿಯಾರ ನಿಲ್ಲಿಸಿ ಕೈಕುಲುಕಿದರು.