ಅಟ್ಟದ ಮೇಲೆ ಒಣಗಿದ ಎರಡು ವರ್ಷ: ಅಜ್ಜನ ಬಂದೂಕಿಗೆ ಹೊಸ ಹಿಡಿ ಕೂರಿಸಿದ ನನ್ನ ಅನುಭವ

ಕೈ ಬಲ್ಲ ಆಚಾರ್ರಿಗೆ ಬಂದೂಕಿನ ಕೆಲಸ ಕೊಟ್ಟರೆ ಅದು ಮೊಮ್ಮಗನ ಕಾಲಕ್ಕೆ ವಾಪಸು ಬರುತ್ತದೆ ಎಂಬ ಮಾತು ಹೊಳಲ್ಕೆರೆ ಕಡೆಯ ಪರವಾನಗಿದಾರರಲ್ಲಿ ಹಳೆಯದು. ಅಂಥ ಒಬ್ಬರ ಸಾಲಿನಲ್ಲಿ ನಾನು ಹೆಸರು ಬರೆಸಿ ಬಂದ ದಿನ ಹಿರಿಯೂರಿನ ನನ್ನ ಷಡ್ಡಕರು, "ಮಾರಿಕಣಿವೆ ಅಣೆಕಟ್ಟು ಕೋಡಿ ಬೀಳೋದನ್ನ ನೋಡೋಕೆ ನಮ್ಮೋರು 1933ರಿಂದ 2022ರವರೆಗೆ ಕಾದಿದ್ದಾರೆ, ನಿಮ್ಮ ಬಂದೂಕು ಯಾವ ಲೆಕ್ಕ ಬಿಡಿ" ಎಂದು ನಕ್ಕಿದ್ದರು. ಅವರು ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ, ಏಕೆಂದರೆ ಅದಕ್ಕೆ ಮೊದಲು ನಾನು ಎರಡು ಸಲ ಕೈ ಸುಟ್ಟುಕೊಂಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. 2025ರ ಆಯುಧಪೂಜೆಗೆ ಆ ಬಂದೂಕು ಹೆಗಲಿಗೆ ಆನಿಸುವ ಹೊಸ ಮರದ ಹಿಡಿಯೊಂದಿಗೆ ಮಣೆಯ ಮೇಲೆ ಕೂತಿತ್ತು. ಅಂದು ಅದನ್ನು ಹೆಗಲಿಗಿಟ್ಟು ನೋಡಿದವರು ಅವರೇ, ಕೆಳಗಿಡಲು ಮನಸ್ಸಾಗದೆ ನಿಂತವರೂ ಅವರೇ. ಆದ್ದರಿಂದ ಈಗ ಬರೆಯಬಹುದು ಎನ್ನಿಸಿದೆ.

ಬಂದೂಕು ಅಜ್ಜನ ಕಾಲದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ ಇರುವ, ಮೂವತ್ತು ಇಂಚಿನ ಜೋಡಿನಳಿಗೆಯ ಬಾಕ್ಸ್‌ಲಾಕ್ (ಹೊಡೆಯುವ ಯಂತ್ರ ಲೋಹದ ಪೆಟ್ಟಿಗೆಯೊಳಗೇ ಇರುವ ಬಗೆ). ಪರವಾನಗಿ ಬೆಳೆ ರಕ್ಷಣೆಯದು. ಮೆಕ್ಕೆಜೋಳ ಹಾಲುಗಾಳಿಗೆ ಬಂದಾಗ ರಾತ್ರಿ ಒಂದೋ ಎರಡೋ ತೋಟಾ ಮೇಲಕ್ಕೆ ಹಾರಿಸಿ ಹಂದಿಗಳನ್ನು ಓಡಿಸುವುದಷ್ಟೇ ಅದರ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಹಂದಿಯನ್ನು ಹೊಡೆಯುವ ಮಾತು ಇಲ್ಲಿ ಬರುವುದಿಲ್ಲ. 2022ರ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ನಿಂದ ಜಾರಿ ಬಿದ್ದು ಹಿಡಿಯ ಕುತ್ತಿಗೆ, ಅಂದರೆ ಕೈಯಿಂದ ಹಿಡಿಯುವ ಸಪೂರ ಭಾಗ, ಸೀಳಿತು. ಲೋಹದ ಭಾಗಕ್ಕೆ ಒಂದು ಗೀರೂ ಆಗಿರಲಿಲ್ಲ.

ಮೊದಲನೆಯ ತಪ್ಪು ನನ್ನದೇ ಆತುರದ್ದು. ಒಡೆದ ಹಿಡಿಯನ್ನು ಮಾತ್ರ ಬಿಚ್ಚಿಕೊಂಡು ಹೋಗಿ ನಮ್ಮ ಬಾಗಿಲು ಕಿಟಕಿ ಮಾಡುವ ಬಡಗಿಯವರಿಗೆ ತೋರಿಸಿ, ಅದೇ ಅಳತೆಗೆ ಸಾಗುವಾನಿಯಲ್ಲಿ ಇನ್ನೊಂದನ್ನು ಮಾಡಿಸಿದೆ. ಮೂರೂವರೆ ಸಾವಿರ ಕೊಟ್ಟ ನೆನಪು. ನೋಡಲು ಬಹಳ ಚೆಂದವಿತ್ತು. ಮೂರನೆಯದೋ ನಾಲ್ಕನೆಯದೋ ತೋಟಾಕ್ಕೆ ಎಳೆಯ ಗುಂಟ ಕಬ್ಬಿನ ಸಿಬಿರಿನಂತೆ ಸೀಳಿತು. ಸಾಗುವಾನಿ ಬಾಗಿಲಿಗೆ ರಾಜ, ಹಿಂದೊದೆತ ತಿನ್ನುವ ಕುತ್ತಿಗೆಗೆ ಅಲ್ಲ ಎಂಬುದನ್ನು ಬಡಗಿಯವರು ಮೊದಲೇ ಹೇಳಿದ್ದರು, ಕೇಳದವನು ನಾನು.

ಎರಡನೆಯ ಬಾರಿ ಪರವಾನಗಿ ಇರುವ ದುರಸ್ತಿ ಅಂಗಡಿಗೇ ಹೋದೆ. ಊರಿನ ಹೆಸರು ಬೇಡ. "ಹದಿನೈದು ದಿನ ಸಾರ್" ಎಂದರು, ಒಂಬತ್ತು ಸಾವಿರ ಮುಂಗಡ ತೆಗೆದುಕೊಂಡರು, ನವೆಂಬರಿನಲ್ಲಿ ಕೊಟ್ಟ ಬಂದೂಕು ಏಪ್ರಿಲ್ ಬಂದರೂ ಅವರ ಬೀರುವಿನಲ್ಲೇ ಇತ್ತು. ಅಷ್ಟರಲ್ಲಿ 2023ರ ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆ ಘೋಷಣೆಯಾಗಿ, ಬಂದೂಕು ಠೇವಣಿ ಇಡಿ ಎಂದು ಠಾಣೆಯಿಂದ ಫೋನ್ ಬಂತು. ಅಂಗಡಿಯವರು ಕೊಟ್ಟಿದ್ದ ಚೀಟಿಯಲ್ಲಿ "ಗನ್ ಒಂದು, ರಿಪೇರಿಗೆ" ಎಂದಿತ್ತೇ ಹೊರತು ಬಂದೂಕಿನ ಸಂಖ್ಯೆಯೂ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಎರಡು ದಿನ ಅಡಿಕೆ ಬೇಯಿಸುವ ಕೆಲಸ ಬಿಟ್ಟು ಠಾಣೆಗೂ ಅಂಗಡಿಗೂ ಓಡಾಡಿ, ಆದಷ್ಟು ಕೆಲಸ ಆದ ಹಾಗೆಯೇ ಬಿಡಿಸಿಕೊಂಡು ಬಂದು ಠೇವಣಿ ಇಟ್ಟೆ. ಚುನಾವಣೆ ಮುಗಿದ ಮೇಲೆ ಮನೆಗೆ ತಂದು ಬಿಚ್ಚಿ ನೋಡಿದರೆ, ಎಲ್ಲಿಂದಲೋ ತರಿಸಿದ ಸಿದ್ಧ ಹಿಡಿಯನ್ನು ತೂರಿಸಿ, ಲೋಹಕ್ಕೂ ಮರಕ್ಕೂ ನಡುವೆ ಬೆರಳಿನ ಉಗುರು ಹೋಗುವಷ್ಟಿದ್ದ ಸಂದಿಗೆ ಲಪ್ಪ ತುಂಬಿ ಪಾಲಿಶ್ ಬಳಿದಿದ್ದರು. ಬೆರಳಿನಿಂದ ಎಳೆಯುವ ಕುದುರೆಯಿಂದ (ಟ್ರಿಗರ್) ಹಿಡಿಯ ಹಿಂದಿನ ತುದಿಗೆ ಹದಿನೈದು ಇಂಚಿತ್ತು; ನನಗೆ ಬೇಕಾದದ್ದು ಹದಿಮೂರು ಮುಕ್ಕಾಲು. ಒಟ್ಟು ಹನ್ನೊಂದು ಸಾವಿರ ಹೋಯಿತು. ಅಂದಿನಿಂದ ಸಂಖ್ಯೆ, ದಿನಾಂಕ, ಎರಡೂ ಕಡೆಯ ಪರವಾನಗಿ ಸಂಖ್ಯೆ, ಮೊಹರು ಇವಿಷ್ಟೂ ಇಲ್ಲದ ರಸೀದಿಗೆ ನಾನು ಬಂದೂಕು ಕೊಡುವುದಿಲ್ಲ.

ಮೂರನೆಯವರೇ ನಾನು ಹೇಳಹೊರಟಿರುವ ಆಚಾರ್ರು. ಮಲೆನಾಡಿನ ಕಡೆಯ ಒಂದು ಪಟ್ಟಣದವರು, ವಯಸ್ಸು ಎಪ್ಪತ್ತರ ಆಸುಪಾಸು. ಹೆಸರು ಬರೆಯಬೇಡಿ ಎಂದು ಅವರೇ ಹೇಳಿದ್ದಾರೆ, ಬರೆದರೆ ಸಾಲು ಇನ್ನೂ ಉದ್ದವಾಗುತ್ತದೆ ಎಂಬ ಭಯ ನನಗೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದುರಸ್ತಿ ಮಾಡುವವರಿಗೂ ಪರವಾನಗಿ ಬೇಕಾದ್ದರಿಂದ, ಕೈ ಬಲ್ಲವರೇ ಕಡಿಮೆ ಇರುವ ಈ ಕಸುಬಿನಲ್ಲಿ ಕೈಯೂ ಕಾಗದವೂ ಎರಡೂ ಇರುವವರನ್ನು ಬೆರಳಲ್ಲಿ ಎಣಿಸಬಹುದು. ಅವರು ವರ್ಷಕ್ಕೆ ಆರೇಳು ಹಿಡಿಗಿಂತ ಹೆಚ್ಚು ಕೂರಿಸುವುದಿಲ್ಲ. 2023ರ ಜೂನ್‌ನಲ್ಲಿ ಹೋದಾಗ ನನ್ನ ಮುಂದೆ ಹದಿನಾಲ್ಕು ಹೆಸರುಗಳಿದ್ದವು. "ಎರಡು ವರ್ಷ ಆಗ್ತದೆ ಗೌಡ್ರೆ, ಬಂದೂಕು ಮನೇಲೇ ಇರ್ಲಿ" ಎಂದರು. ಈ ಕೊನೆಯ ಮಾತಿಗೇ ನಾನು ಅವರಿಗೆ ಐದು ಸಾವಿರ ಕೊಟ್ಟು ಬಂದದ್ದು. ಸಾಲಿನಲ್ಲಿ ನಿಲ್ಲಬೇಕಾದದ್ದು ಹೆಸರೇ ಹೊರತು ಬಂದೂಕಲ್ಲ ಎಂಬುದು ಐದು ತಿಂಗಳು ಬೀರುವಿನಲ್ಲಿ ಕೊಳೆಹಾಕಿದವನಿಗೆ ಬೇಗ ಅರ್ಥವಾಗುತ್ತದೆ.

ಅವರು ಹಳೆಯ ನಳಿಗೆಯ ಹಿಂಬದಿಗೆ ಅಳತೆ ಕಡ್ಡಿ ಹಾಕಿ ನೋಡಿ ಇನ್ನೊಂದು ಮಾತು ಹೇಳಿದರು. ನಮ್ಮ ಬಂದೂಕಿನ ಚೇಂಬರ್, ಅಂದರೆ ತೋಟಾ ಕೂರುವ ಗೂಡು, ಎರಡೂವರೆ ಇಂಚಿನದು, ತೋಟಾದ ಲೆಕ್ಕದಲ್ಲಿ ಸುಮಾರು 65 ಮಿಲಿಮೀಟರ್. ಈಗ ಸಿಗುವ ತೋಟಾಗಳು ಹೆಚ್ಚಾಗಿ 70 ಮಿಲಿಮೀಟರ್. ಆ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕೋಶದ್ದಾದ್ದರಿಂದ, ಹಾರಿಸದ ತೋಟಾ ಹಳೆಯ ಚೇಂಬರಿನಲ್ಲಿ ಸಲೀಸಾಗಿ ಕೂತು ನಮ್ಮನ್ನು ಮೋಸಗೊಳಿಸುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಹತ್ತು ವರ್ಷ ನಾನು ಹಾಕಿದ್ದು ಅದನ್ನೇ. ಹಿಡಿ ಸೀಳಲು ಬಿದ್ದದ್ದೊಂದೇ ಕಾರಣವೋ ಎಂದು ಅಂದಿನಿಂದ ನನಗೆ ಸಂಶಯವಿದೆ. ಚೇಂಬರ್ ಕೊರೆದು ಉದ್ದ ಮಾಡಿಕೊಡಿ ಎಂದರೆ ಅವರು ಒಪ್ಪಲಿಲ್ಲ. ಗಿಡ್ಡ ತೋಟಾವನ್ನೇ ಹುಡುಕಿಕೊಳ್ಳಿ ಎಂದರು. ಹುಡುಕಿಕೊಂಡಿದ್ದೇನೆ, ದುಬಾರಿಯಾದರೂ.

ಎರಡು ವರ್ಷ ಏಕೆ ಎಂದು ಕೇಳಿದ್ದಕ್ಕೆ ಅವರು ಹಿತ್ತಲಿನ ಮರದ ಅಟ್ಟಣೆಯನ್ನು ತೋರಿಸಿದರು. ಒಂದು ಇಂಚು ದಪ್ಪ ನೆರಳಿನಲ್ಲಿ ಒಣಗಲು ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಹಿಡಿಯ ತುಂಡು ಎರಡೂವರೆ ಇಂಚು ದಪ್ಪ. ಹಿಡಿಗೆ ಬಳಸುವ ಕಾಶ್ಮೀರದ ಅಕ್ರೋಟ್ (ವಾಲ್ನಟ್) ಮರ ಅವರ ಕೈಗೆ ಬರುವುದೇ ಅಪರೂಪ. ಕಾಯುತ್ತಿರುವುದು ಆಚಾರ್ರಿಗಾಗಿ ಅಲ್ಲ, ಮರಕ್ಕಾಗಿ ಎಂದು ಆಗ ಹೊಳೆಯಿತು. ಹಾಗಿದ್ದರೆ ಆ ಕಾಯುವ ಕೆಲಸವನ್ನು ನಮ್ಮ ಅಟ್ಟದ ಮೇಲೇಕೆ ಮಾಡಬಾರದು? ಬಾಗೆ ಮರ ಆಗುತ್ತದೆಯೇ ಎಂದು ಕೇಳಿದೆ. "ಬಂಡಿಗೆ ಆಗ್ತದೆ" ಎಂದರು. ಮರದ ವ್ಯಾಪಾರದಲ್ಲಿ ಬಾಗೆಗೆ ಈಸ್ಟ್ ಇಂಡಿಯನ್ ವಾಲ್ನಟ್ ಎಂದೇ ಹೆಸರಿದೆ ಎಂದೆ. ಅವರು ಸುಮ್ಮನೆ ಎಲೆಗೆ ಸುಣ್ಣ ಹಚ್ಚಿಕೊಂಡರು. ನಾನು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ.

ಮೊದಲು ಹಸಿ ತುಂಡೊಂದನ್ನು ಕೊಯ್ಸಿ ತಗಡಿನ ಮೇಲೆ ಬಿಸಿಲಿಗೆ ಹಾಕಿದೆ. ಚಿತ್ರದುರ್ಗದ ಬಿಸಿಲನ್ನು ನಂಬಿದ್ದು ತಪ್ಪಾಯಿತು. ಇಪ್ಪತ್ತು ದಿನಕ್ಕೆ ಎರಡೂ ತುದಿಯಿಂದ ಬಾಯಿ ಬಿಟ್ಟು ಒಲೆಗೆ ಹೋಯಿತು. ಆಮೇಲೆ ಚಿಕ್ಕಪ್ಪನ ಮಗ, 2021ರಲ್ಲಿ ಗಾಳಿಗೆ ಬಿದ್ದ ಬಾಗೆಯನ್ನು ಟ್ರೇಲರ್ ಹಲಗೆಗೆಂದು ಕೊಯ್ಸಿಟ್ಟಿದ್ದು ನೆನಪಾಗಿ, ಅದರಲ್ಲಿ ಎರಡು ದಪ್ಪ ಹಲಗೆಗಳನ್ನು ಸಾವಿರದ ಇನ್ನೂರಕ್ಕೆ ತಂದೆ. ಒಂದರಿಂದ ಹದಿನೆಂಟು ಇಂಚಿನ ತುಂಡು ತೆಗೆಸಿದೆ. ಎಳೆ ಯಾವ ದಿಕ್ಕಿಗೆ ಓಡಬೇಕು, ಬುಡದ ಕಡೆ ಎಲ್ಲಿರಬೇಕು ಎಂಬುದು ಕೂತು ಕಲಿಯಬೇಕಾದ ವಿಷಯ, ಬರೆದು ಕೊಡುವಂಥದ್ದಲ್ಲ. ಎರಡೂ ತುದಿಗೆ ಮೇಣ ಕರಗಿಸಿ ಬಳಿದು, ಕೆಳಗೆ ಎರಡು ದಬ್ಬೆ ಇಟ್ಟು, ಅಟ್ಟದಲ್ಲಿ ಗಾಳಿಯಾಡುವ ಕಡೆ ಮಲಗಿಸಿದೆ.

ಪ್ರತಿ ಅಮಾವಾಸ್ಯೆಗೆ ಅದನ್ನು ಇಳಿಸಿ ಅಡಿಕೆ ತೂಗುವ ತಕ್ಕಡಿಯ ಮೇಲಿಟ್ಟು, ತೂಕವನ್ನು ಅಟ್ಟದ ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಮೊದಲ ಸಲ ನಾಲ್ಕು ಕಿಲೋ ಇನ್ನೂರೈವತ್ತು. ಶ್ರಾವಣದ ಜಡಿಯಲ್ಲಿ ಇಳಿಯುವುದಿರಲಿ, ನಲವತ್ತು ಗ್ರಾಂ ನೀರನ್ನು ಮತ್ತೆ ಕುಡಿದಿತ್ತು. ಅಂದು ನಮ್ಮ ಮನೆಯವರು, "ಬಾಣಂತಿ ಮನೆ ಕೂಸನ್ನೂ ಹಿಂಗೆ ತೂಗಲ್ಲ" ಎಂದದ್ದು ಊರೆಲ್ಲ ಹರಡಿತು. ಮಾರ್ಚ್ ಹೊತ್ತಿಗೆ ಮೂರು ಆರುನೂರಕ್ಕೆ ಬಂದಿತ್ತು.

ಆಗಲೇ ನನಗೆ ಈ ಇಡೀ ಸಾಹಸದ ಒಂದೇ ಒಂದು ಜಾಣ ಯೋಚನೆ ಬಂದದ್ದು. 2024ರ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು, ನಮ್ಮ ಚಿತ್ರದುರ್ಗದಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಅಂದರೆ ಎರಡೂವರೆ ತಿಂಗಳು ಬಹುಪಾಲು ಬಂದೂಕುಗಳು ಠಾಣೆಯಲ್ಲಿ. ಎಲ್ಲರೂ ಕೆಲಸ ನಿಂತಿತು ಎಂದು ಕೊರಗುತ್ತಿದ್ದಾಗ, ಹಾಗಾದರೆ ಆಚಾರ್ರ ಮೇಜು ಖಾಲಿ ಇರಬೇಕಲ್ಲ ಎಂದು ನನಗನ್ನಿಸಿತು. ಮರಕ್ಕೆ ಪರವಾನಗಿ ಬೇಡ. ತುಂಡನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅವರು ಬೀಡಿ ಸೇದುತ್ತಾ ಜಗುಲಿಯ ಮೇಲೆ ಕೂತಿದ್ದರು. ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿ, "ಒರಟಾಗಿ ಇಳಿಸ್ತೀನಿ, ಸುತ್ತ ಅರ್ಧ ಇಂಚು ಜಾಸ್ತಿ ಬಿಡ್ತೀನಿ, ಮತ್ತೆ ಅಟ್ಟಕ್ಕೆ ಹಾಕಿ" ಎಂದರು. ಹೀಗೆ ಒರಟು ಇಳಿಸಿದ ಮರ ಬೇಗ ಒಣಗುವುದಷ್ಟೇ ಅಲ್ಲ, ಒಳಗಿನ ಬಿಗಿ ಬಿಟ್ಟು ತಿರುಚುವುದಿದ್ದರೆ ಆಗಲೇ ತಿರುಚಿಕೊಂಡುಬಿಡುತ್ತದೆ; ಕೂರಿಸಿದ ಮೇಲೆ ತಿರುಚಿದರೆ ಎಲ್ಲವೂ ದಂಡ. ಬಾಗೆಯ ಹೊಟ್ಟು ಮೂಗಿಗೆ ಹೋಗಿ ಅವರು ದಿನವಿಡೀ ಸೀನಿದರು, ಸೀನಿದಷ್ಟು ಸಲ ನನ್ನ ವಂಶವನ್ನು ನೆನೆದರು. ಹತ್ತು ಸಾವಿರ ಕೊಟ್ಟು ಬಂದೆ. ಯಾರ ಸರದಿಯನ್ನೂ ನಾನು ಕಿತ್ತುಕೊಳ್ಳಲಿಲ್ಲ, ಯಾರೂ ಇಲ್ಲದ ಹೊತ್ತಿಗೆ ಹೋದೆ ಅಷ್ಟೆ. ಅವರಿಗೆ ಒಂದು ಸಲವೂ ಫೋನ್ ಮಾಡಲಿಲ್ಲ. ವಾರದಲ್ಲಿ ಯಾವ ದಿನ, ಯಾವ ಹೊತ್ತಿಗೆ ಹೋದರೆ ಅವರು ಮಾತಿಗೆ ಸಿಗುತ್ತಾರೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮರ ಅಟ್ಟದ ಮೇಲಿದ್ದಾಗ ಕೈ ಸುಮ್ಮನಿರದೆ ಉಳಿದ ಚೂರುಗಳ ಮೇಲೆ ಎಣ್ಣೆಗಳನ್ನು ಪರೀಕ್ಷಿಸಿದೆ. ಹರಳೆಣ್ಣೆ ತಿಂಗಳಾದರೂ ಅಂಟಂಟಾಗಿಯೇ ಉಳಿದು ಮನೆಯ ಧೂಳನ್ನೆಲ್ಲ ಹಿಡಿಯಿತು. ಹೊಂಗೆ ಎಣ್ಣೆ ಒಣಗಲೂ ಇಲ್ಲ, ವಾಸನೆ ಹೋಗಲೂ ಇಲ್ಲ. ಕುಸುಬೆ ಎಣ್ಣೆ ಮೂರು ವಾರಕ್ಕೆ ಒಣಗಿತು, ಬಣ್ಣ ತಿಳಿಯಾಗಿ ಉಳಿಯಿತು. ಗಾಣದ ಅಗಸೆ ಎಣ್ಣೆ ನಾಲ್ಕೈದು ದಿನಕ್ಕೇ ಒಣಗಿ ಮರಕ್ಕೆ ಜೇನಿನ ಬಣ್ಣ ಕೊಟ್ಟಿತು. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಕೊಟ್ಟಿಗೆಯ ಮೂಲೆಯ ಡಬ್ಬಿಗೆ ತುರುಕಿದ್ದೆ. ಮಧ್ಯಾಹ್ನ ಮಲಗಿದ್ದಾಗ ಸುಟ್ಟ ವಾಸನೆ. ಯಾರೂ ಕಡ್ಡಿ ಗೀರದೆ ಬಟ್ಟೆ ತಾನಾಗಿ ಕಾದು ಹೊಗೆಯಾಡುತ್ತಿತ್ತು. ಪಕ್ಕದಲ್ಲೇ ಹುಲ್ಲಿನ ಮೆದೆ. ನಮ್ಮ ಮನೆಯವರು ಮುಸುರೆ ಬಕೆಟ್ಟನ್ನೇ ಎತ್ತಿ ಸುರಿದದ್ದರಿಂದ ಉಳಿದೆವು. ಈಗ ಅಂಥ ಬಟ್ಟೆಯನ್ನು ಬೇಲಿಯ ಮೇಲೆ ಹರಡಿ ಒಣಗಿಸಿಯೇ ಎಸೆಯುವುದು.

2025ರ ಜನವರಿಗೆ ಮೂರು ಅಮಾವಾಸ್ಯೆ ಒಂದೇ ತೂಕ ಬಂತು: ಎರಡು ಕಿಲೋ ನೂರು ಗ್ರಾಂ. ಫೆಬ್ರವರಿಯಲ್ಲಿ ಸರದಿ ಬಂತು. ನನ್ನ ಪರವಾನಗಿಯ ವ್ಯಾಪ್ತಿ ಜಿಲ್ಲೆಗಷ್ಟೇ ಇದ್ದುದರಿಂದ ಹೊರಗೆ ಒಯ್ಯಲು ಅನುಮತಿ ಪಡೆದು, ಪೂರ್ತಿ ವಿವರದ ರಸೀದಿ ಬರೆಸಿಕೊಂಡು ಬಂದೂಕು ಕೊಟ್ಟೆ. ಒಂದು ದಿನ ಪಕ್ಕದಲ್ಲೇ ಕೂತು ನೋಡಿದೆ. ಮನೆಯಲ್ಲಿ ಮಾಡಿದ ಕಾಡಿಗೆಯನ್ನು ಬೆರಳಿನಿಂದ ಲೋಹಕ್ಕೆ ತೆಳ್ಳಗೆ ಸವರುತ್ತಾರೆ, ಮರಕ್ಕೆ ಒತ್ತಿ ತೆಗೆಯುತ್ತಾರೆ, ಕಪ್ಪು ಹತ್ತಿದ ಕಡೆ ಮಾತ್ರ ಉಳಿಯಿಂದ ಈರುಳ್ಳಿ ಸಿಪ್ಪೆಯಷ್ಟು ಹೆರೆಯುತ್ತಾರೆ, ಮತ್ತೆ ಸವರುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಎಣಿಸಿದ್ದು ಎಪ್ಪತ್ತಕ್ಕಿಂತ ಹೆಚ್ಚು ಸಲ. ಲೋಹ ಒಳಗಿಳಿದದ್ದು ಕಾಲು ಇಂಚೂ ಇಲ್ಲ. ಚುಕ್ಕೆ ಚುಕ್ಕೆಯಾಗಿದ್ದ ಕಪ್ಪು ಕೊನೆಗೆ ಇಡೀ ಗುಳಿಯಲ್ಲಿ ಒಂದೇ ಸಮನೆ ಹತ್ತಿದಾಗ ಅವರು ಉಳಿ ಕೆಳಗಿಟ್ಟು ನೀರು ಕೇಳಿದರು. "ಅಂಗಡಿಯೋರು ಹದಿನೈದು ದಿನ ಅಂದಿದ್ರು" ಎಂದೆ. "ಲಪ್ಪಕ್ಕೆ ಅಷ್ಟು ಸಾಕು" ಎಂದರು.

ಮೇ ತಿಂಗಳಲ್ಲಿ ಬಂದೂಕು ಕೈಗೆ ಬಂತು. ಬಾಕಿ ಹದಿಮೂರು ಸಾವಿರ ಕೊಟ್ಟೆ. ಅಲ್ಲಿಗೆ ಅವರ ಮಜೂರಿ ಇಪ್ಪತ್ತೆಂಟು. ಏಳು ಸಲ ಓಡಾಡಿದ ಖರ್ಚು ಎಂಟೊಂಬತ್ತು ಸಾವಿರ, ಮೊದಲು ಕಳೆದ ಹದಿನಾಲ್ಕೂವರೆ, ಮರ, ಕೊಯ್ಲು, ಎಣ್ಣೆ ಎಲ್ಲ ಸೇರಿ ಐವತ್ತೈದರ ಹತ್ತಿರ. ಹೊಸದನ್ನೇ ಕೊಳ್ಳಬಹುದಿತ್ತು ಎಂದವರಿದ್ದಾರೆ. ಅವರು ಅಜ್ಜನ ಬಂದೂಕು ಹಿಡಿದು ನೋಡಿದವರಲ್ಲ. ಎಣ್ಣೆಯ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದು ಬರಿಮರವನ್ನೇ ತಂದಿದ್ದೆ: ಮೊದಲ ವಾರ ದಿನಕ್ಕೊಂದು ಕೈ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು, ಪ್ರತಿ ಸಲವೂ ಅಂಗೈ ಬಿಸಿಯಾಗುವವರೆಗೆ ತಿಕ್ಕುವುದು. ಕೊನೆಯ ಮೂರು ಕೈಗೆ ಅಗಸೆ ಎಣ್ಣೆಗೆ ಏನು ಬೆರೆಸಿದೆ ಎಂದು ಷಡ್ಡಕರು ಮೂರು ಸಲ ಕೇಳಿದ್ದಾರೆ, ಇನ್ನೂ ಹೇಳಿಲ್ಲ.

ಈ ಸಲದ ಮೆಕ್ಕೆಜೋಳಕ್ಕೆ ಹನ್ನೆರಡೋ ಹದಿಮೂರೋ ತೋಟಾ ಹಾರಿತು. ಕುತ್ತಿಗೆಯ ಬಳಿ ಕೂದಲೆಳೆಯಷ್ಟೂ ಸಂದಿ ಬಿಟ್ಟಿಲ್ಲ; ಭೂತಗನ್ನಡಿ ಹಿಡಿದು ನೋಡಿದ್ದೇನೆ. ನನಗಿಂತ ಮೊದಲು ಹೆಸರು ಬರೆಸಿದ ಇಬ್ಬರು ಆಚಾರ್ರ ಅಟ್ಟಣೆಯ ಮರಕ್ಕೇ ಇನ್ನೂ ಕಾಯುತ್ತಿದ್ದಾರೆ. ಷಡ್ಡಕರು ಕಳೆದ ತಿಂಗಳು ಹೋಗಿ ಹೆಸರು ಬರೆಸಿ ಬಂದರು, ಹದಿನೇಳನೆಯವರಂತೆ. ಅವರಿಗಾಗಿ ಎರಡನೆಯ ಹಲಗೆಯ ತುಂಡು ಅಟ್ಟಕ್ಕೇರಿದೆ. ಮೊನ್ನೆಯ ಅಮಾವಾಸ್ಯೆಗೆ ತೂಗಿದಾಗ ನಾಲ್ಕು ಕಿಲೋ ನೂರು ಗ್ರಾಂ ಇತ್ತು.